ಅತ್ತೆ ಕಿವಿ ಮುಟ್ಟಿಕೊಂಡಾಗ

ಯಾರ ಮನೆಗೆ ಬೆಂಕಿ ಬೀಳಬಹುದು, ಯಾರ ದೋಣಿ ಮುಳುಗಬಹುದು ಎಂದು ಊಹಿಸುವುದೇ ನೆವಿಲ್‌ನ ಹೊಟ್ಟೆಪಾಡು. ಬಂಡಬರ್ಗ್ ಪಟ್ಟಣದ ವಿಮಾ ಕಚೇರಿಯೊಂದರಲ್ಲಿ ಕೂತು ಊರಿನ ಸಮಸ್ತ ಗಂಡಾಂತರಗಳನ್ನು ತೂಗಿ ನೋಡುತ್ತಿದ್ದ ಈ ಮಹಾನುಭಾವ, ತನ್ನ ಮನೆಯ ವರಾಂಡದಲ್ಲಿ ಭಾನುವಾರ ಮಧ್ಯಾಹ್ನ ನಡೆಯುವ ಪೋಕರ್ ಆಟದಲ್ಲಿ ಮಾತ್ರ ಹೆಂಡತಿಗೂ ಅತ್ತೆಗೂ ಸೋಲುತ್ತಲೇ ಬಂದಿದ್ದ. (ದುಡ್ಡಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಅಲ್ಲಿಯ ಚಲಾವಣೆ.)

ಸೋತವನ ಪಾಲಿಗೆ ದೇವರೇ ದಾರಿ ತೋರಿಸಿದಂತೆ, ಊರ ಲೈಬ್ರರಿಯಲ್ಲಿ ಜೂಜುಗಾರರ ಮನಸ್ಸಿನ ಬಗ್ಗೆ ಒಂದು ಉಪನ್ಯಾಸ ಏರ್ಪಾಡಾಯಿತು. ಕೈಯಲ್ಲಿ ಏನೂ ಇಲ್ಲದೆ ಬುರುಡೆ ಬಿಡುವವರು ತಮಗೇ ಗೊತ್ತಿಲ್ಲದೆ ಮೂಗು ಕೆರೆಯುತ್ತಾರೆ, ಕತ್ತು ಸವರುತ್ತಾರೆ, ಅದನ್ನು ಹಿಡಿದವನೇ ಗೆದ್ದ ಎಂದು ವಿದ್ವಾಂಸರು ಹೇಳಿದರು. ಹಾಗೆ ಹಿಡಿದೆನೆಂದು ನಂಬಿದವನಷ್ಟು ದೊಡ್ಡ ಬಕರಾ ಇನ್ನೊಬ್ಬನಿಲ್ಲ ಎಂದೂ ಹೇಳಿದರು. ಆ ಹೊತ್ತಿಗೆ ನೆವಿಲ್ ಎದ್ದು ಟೀ ಮತ್ತು ಕೇಕಿನ ಮೇಜಿನ ಹತ್ತಿರ ಹೋಗಿದ್ದ.

ಅಂದಿನಿಂದ ಅವನು ಅತ್ತೆ ಐವಿಯ ಮುಖವನ್ನು ಅಭ್ಯಾಸ ಮಾಡತೊಡಗಿದ. ರಹಸ್ಯ ಬೇಗ ಸಿಕ್ಕಿತು. ಮುದುಕಿ ಆಗಾಗ ಎಡಗಿವಿ ಮುಟ್ಟಿಕೊಳ್ಳುತ್ತಾಳೆ. ಹಿಂದಿನ ಭಾನುವಾರ ಹಾಗೆ ಮುಟ್ಟಿಕೊಂಡಾಗ ಅವಳ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ.

ಈ ಭಾನುವಾರ ಎಲೆ ಹಂಚುತ್ತಾ ಗ್ಲೆನಿಸ್ ಗಂಡನಿಗೆ ಹೇಳಿದಳು, "ಕ್ಲಿಪ್ಪು ಇಟ್ಟು ಆಡಿ ಸಾಕಾಯ್ತು. ಹಿಂದಿನ ಕೋಣೆ ಇಡೋಣ್ವಾ? ನೀನು ಗೆದ್ರೆ ಅಮ್ಮ ಪರ್ತ್‌ಗೆ, ಅಣ್ಣನ ಮನೆಗೆ ಹೋಗ್ತಾಳೆ. ಅಮ್ಮ ಗೆದ್ರೆ ಆ ಕೋಣೆ ಅವಳದು, ಇಲ್ಲೇ ಇರ್ತಾಳೆ."

ನೆವಿಲ್‌ನ ಕಣ್ಣು ಆ ಕೋಣೆಯ ಕಡೆ ಹೊರಳಿತು. ಅವನ ಗಾಳದ ಕೋಲುಗಳು, ಬಲೆಗಳು, ಬಾಟಲಿಯಲ್ಲಿ ಒಣಗಿದ ಹುಳುಗಳು ಎಲ್ಲವೂ ನೆಲೆಸಿದ್ದ ಗರ್ಭಗುಡಿ ಅದು. ಆದರೆ ಎಲೆ ಎತ್ತಿ ನೋಡಿದರೆ ಮೂರು ರಾಜರು ದರ್ಬಾರು ನಡೆಸಿದ್ದರು.

"ಆಗ್ಲಿ," ಎಂದ. ಆಮೇಲೆ ಅತ್ತೆಯ ಕಡೆ ತಿರುಗಿ, "ನೋಡಿ ಅತ್ತೆ, ಅಪಾಯ ಅನ್ನೋದು ಮನಸ್ಸಿನ ವ್ಯಾಪಾರ. ವಿಜ್ಞಾನ ಏನು ಹೇಳುತ್ತೆ ಅಂದ್ರೆ..." ಎಂದು ಶುರು ಮಾಡಿದ.

ಐವಿಯ ಕೈ ಎಡಗಿವಿಗೆ ಹೋಯಿತು.

ನೆವಿಲ್‌ಗೆ ಸ್ವರ್ಗ ಮೂರೇ ಗೇಣು. ಹೆದರಿಸಿ ಎಲೆ ಕೆಳಗಿಡಿಸಬೇಕೆಂದು ಪಣ ಏರಿಸಿದ. "ಬರೀ ಕೋಣೆ ಅಲ್ಲ. ಸೋತರೆ ದಿನಾ ಬೆಳಿಗ್ಗೆ ನಿಮ್ಮ ಹಾಸಿಗೆಗೇ ಟೀ ತಂದ್ಕೊಡ್ತೀನಿ. ಯೋಚನೆ ಮಾಡಿ. ಈಗ್ಲೂ ಬಿಟ್ಬಿಡಬಹುದು."

ಐವಿ ಮಾವಿನ ಮರದ ಗಿಳಿಗಳನ್ನು ನೋಡುತ್ತಾ ತಲೆಯಾಡಿಸಿದಳು. ಅಂಥ ನಿರ್ಭಯ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಪಾಪ, ಒಳಗೆ ನಡುಗುತ್ತಿದ್ದಾಳೆ ಎಂದುಕೊಂಡು ಮೂರು ರಾಜರನ್ನೂ ಮೇಜಿನ ಮೇಲೆ ಮಲಗಿಸಿದ.

ಐವಿ ಒಂದೊಂದೇ ಎಲೆ ಇಟ್ಟಳು. "ಏಳು. ಏಳು. ಏಳು. ಏಳು."

ನೆವಿಲ್ ಕುರ್ಚಿಗೆ ಅಂಟಿಕೊಂಡು ಕೂತಿದ್ದ. ಪೋಕರಿನಲ್ಲಿ ಮೂರು ರಾಜರಿಗಿಂತ ನಾಲ್ಕು ಏಳು ದೊಡ್ಡದು.

"ಅಮ್ಮ ನಾಲ್ಕು ಸಲ ಹೇಳಿದ್ಳಲ್ಲ," ಎಂದಳು ಗ್ಲೆನಿಸ್, "ಏಳು ಮತ್ತೆ. ಕೋಣೆ ಖಾಲಿ ಮಾಡು."

"ಆದ್ರೆ ಕಿವಿ ಮುಟ್ಕೊಂಡ್ರಲ್ಲ..."

"ಕಿವಿ ಮಷೀನು ಆಫ್ ಮಾಡೋಕೆ. ನೀನು ಭಾಷಣ ಶುರು ಮಾಡಿದಾಗೆಲ್ಲ ಮಾಡ್ತಾಳೆ."

ಐವಿ ಮತ್ತೆ ಕಿವಿಗೆ ಕೈಹಾಕಿ ಕೇಳಿದಳು, "ಏನಂದ ಅವನು, ಆವಾಗ?"

"ಬೆಳಗಿನ ಟೀ ಕೂಡ ಇವನೇ ತರ್ತಾನಂತೆ, ಅಮ್ಮ."

"ಎರಡು ಚಮಚ ಸಕ್ಕರೆ," ಎಂದಳು ಐವಿ.

ಗ್ಲೆನಿಸ್ ಒಳಗಿನಿಂದ ಒಂದು ಜೊತೆ ಪರದೆ ತಂದಳು. ಹಳದಿ ಹೂವಿನ ಬಟ್ಟೆ, ಹಿಂದಿನ ಕೋಣೆಯ ಕಿಟಕಿಯ ಅಳತೆಗೇ ಹೊಲಿದದ್ದು.

"ಇದನ್ನ ಯಾವಾಗ ಹೊಲಿದೆ?"

"ಹೋದ ವಾರ. ಮಂಚನೂ ನಾಳೆ ಬರುತ್ತೆ."

"ಅಂದ್ರೆ ಮೊದಲೇ ತೀರ್ಮಾನ ಆಗಿತ್ತಾ? ಬಾಯಿಬಿಟ್ಟು ಕೇಳಬಹುದಿತ್ತಲ್ಲ."

"ಕೇಳಿದ್ರೆ ಕ್ರಿಸ್‌ಮಸ್‌ವರೆಗೂ ಮುಖ ಊದಿಸ್ಕೊಂಡಿರ್ತಿದ್ದೆ. ಈಗ ನಿನ್ನ ಕೈಯಾರೆ ಸೋತಿದೀಯ. ಯಾರ ಮೇಲೆ ಸಿಟ್ಟು ಮಾಡ್ಕೋತೀಯ?"

ನೆವಿಲ್ ಪರದೆಯ ತುದಿ ಹಿಡಿದು ನಿಂತಿದ್ದ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು. "ಅಕಸ್ಮಾತ್ ನಾನು ಗೆದ್ದಿದ್ರೆ?"

"ಇನ್ನೊಂದಾಟ ಅಂತಿದ್ವಿ. ಗೆದ್ದ ಗಂಡಸು ಬೇಡ ಅಂತಾನಾ? ಸೋಲೋವರೆಗೂ ನೀನೇ ಆಡ್ತಿದ್ದೆ."

ಐವಿ ಅಷ್ಟರಲ್ಲಿ ಎಲೆಗಳನ್ನು ಕಲೆಸಲು ಶುರುಮಾಡಿದ್ದಳು. "ಮರ್ತಿದ್ದೆ ನೆವಿಲ್," ಎಂದಳು ಅಕ್ಕರೆಯಿಂದ, "ನನ್ನ ಹೊಲಿಗೆ ಮಷೀನಿಗೆ ಗ್ಯಾರೇಜಲ್ಲಿ ಒಂಚೂರು ಜಾಗ ಬೇಕಿತ್ತು. ಒಂದಾಟ ಹಾಕ್ತೀಯಾ?"

ನೆವಿಲ್ ಕುರ್ಚಿ ಎಳೆದುಕೊಂಡು ಕೂತ. ಇಷ್ಟು ಸೋತ ಮೇಲೆ ಅದೃಷ್ಟಕ್ಕೂ ಸ್ವಲ್ಪ ನಾಚಿಕೆ ಇರಬೇಕಲ್ಲ ಎಂಬುದು ಅವನ ಲೆಕ್ಕಾಚಾರ.