ಹಲ್ಲಿನೊಳಗೆ ಗೋಡೆ ಕಟ್ಟುವವರ ಮೇಲೆ ದರ್ಜಿಯ ದೂರು

ನನ್ನ ಮೇಲ್ದವಡೆಯ ಎಡಗಡೆಯ ಬಾಚಿಹಲ್ಲಿನಲ್ಲಿ ಐವತ್ತು ವರ್ಷಗಳಿಂದ ಬೀಡುಬಿಟ್ಟಿರುವ, ಹಲ್ಲಿನ ಒಳಗೋಡೆಯಾದ ಡೆಂಟಿನ್ ಕಟ್ಟುವ ಸಮಸ್ತ ಜೀವಕೋಶಗಳ ಸನ್ನಿಧಿಗೆ,

ಮಾನ್ಯರೇ,

ಕೈಮುಗಿದು, ಬಾಯಿ ಮುಚ್ಚಿಕೊಂಡು (ತೆರೆದರೆ ಗಾಳಿ ತಗುಲಿ ಜುಮ್ಮೆನ್ನುತ್ತದೆ) ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನೊಬ್ಬ ದರ್ಜಿ. ಕತ್ತರಿ ಪಕ್ಕದಲ್ಲೇ ಇದ್ದರೂ ಮೂವತ್ತು ವರ್ಷ ದಾರವನ್ನು ಹಲ್ಲಿನಿಂದಲೇ ಕಡಿದವನು. ಅದರಿಂದ ಹಲ್ಲಿನ ತುದಿಯಲ್ಲಿ ದಾರ ಕೂರುವಷ್ಟು ಕಚ್ಚು ಬಿದ್ದಿರುವುದು ನಿಜ. ಆದರೆ ಕಳೆದ ಸೋಮವಾರ ನಾನು ತಣ್ಣೀರು ಕುಡಿದು, ನಿವೃತ್ತ ನ್ಯಾಯಾಧೀಶರೊಬ್ಬರ ಕೊರಳಿನ ಅಳತೆ ತೆಗೆಯುತ್ತಿದ್ದಾಗಲೇ ತಾವು ಒಳಗಿನಿಂದ ಮಿಂಚು ಹರಿಸಬೇಕಿತ್ತೆ? ಟೇಪನ್ನು ಜಗ್ಗಿಬಿಟ್ಟೆ. ಊರಿಗೆಲ್ಲ ಶಿಕ್ಷೆ ಕೊಟ್ಟ ಕೊರಳಿಗೆ ತನ್ನ ಸರದಿ ಬಂತೆನಿಸಿರಬೇಕು. ಅವರು ಹೊಲಿಸಲು ತಂದ ಬಟ್ಟೆಯನ್ನು ಸುತ್ತಿಕೊಂಡು ಹೊರಟೇಹೋದರು.

ಹಲ್ಲು ಕೀಳಿಸಿಯೇ ಬಿಡುವುದೆಂದು ಡಾಕ್ಟರಮ್ಮನ ಬಳಿಗೆ ಹೋದೆ. ಹೆಂಡತಿಯೂ ಬಂದಳು; ಕನಿಕರದಿಂದಲ್ಲ, ನಾನು ದಾರ ಕಡಿದದ್ದಕ್ಕೆ ಸಾಕ್ಷಿ ಹೇಳಲು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಜೀವಕೋಶಗಳಾದ ತಮ್ಮ ಪೂರ್ವೋತ್ತರವನ್ನೆಲ್ಲ ಬಿಡಿಸಿದರು. ಹಲ್ಲಿನ್ನೂ ಒಸಡಿನೊಳಗೆ ಮೊಗ್ಗಾಗಿದ್ದಾಗ, ಹೊರಗಿನ ಗಟ್ಟಿ ಹೊದಿಕೆಯಾದ ಎನಾಮಲ್ ಕಟ್ಟಲಿದ್ದ ನೆರೆಯವರು ಸೂಚನೆ ಕೊಟ್ಟೊಡನೆ ತಾವು ಸಾಲಾಗಿ ನಿಂತು, ಮೊದಲು ಮೆತ್ತನೆಯ ನಾರಿನ ಹಾಸು ಹಾಸಿ, ಅದಕ್ಕೆ ಖನಿಜ ಸೇರಿ ಗಟ್ಟಿಯಾದಂತೆಲ್ಲ ತಿರುಳಿನ ಕಡೆಗೆ ಹಿಂದೆ ಸರಿದಿರಂತೆ. ಸರಿಯುವಾಗ ತಲಾ ಒಂದು ಎಳೆಯನ್ನು ಗೋಡೆಯಲ್ಲೇ ಬಿಟ್ಟು, ಅದರ ಸುತ್ತ ಸಣ್ಣ ಕೊಳವೆ ಉಳಿಸಿದಿರಂತೆ. ತಣ್ಣೀರಿನ ಸುದ್ದಿ ಆ ಕೊಳವೆಯಿಂದ ನರಕ್ಕೆ ಮುಟ್ಟುತ್ತದೆ, ನಾನು ನರಕಕ್ಕೆ ಮುಟ್ಟುತ್ತೇನೆ. ನಮ್ಮ ಕಸುಬಿನಲ್ಲಿ ಎಳೆ ಬಿಟ್ಟ ಕೆಲಸವನ್ನು ಗಿರಾಕಿ ಮುಖಕ್ಕೆಸೆಯುತ್ತಾನೆ. ತಮ್ಮನ್ನು ಡಾಕ್ಟರುಗಳು ಹೊಗಳುತ್ತಾರೆ.

ಕಿತ್ತುಬಿಡಿ ಎಂದೆ. ಡಾಕ್ಟರಮ್ಮ ಇಕ್ಕಳ ಮುಟ್ಟಲಿಲ್ಲ. "ಎನಾಮಲ್ ಕಟ್ಟಿದೋರು ಹಲ್ಲು ಹುಟ್ಟೋ ಹೊತ್ತಿಗೇ ಹೋಗ್ಬಿಟ್ರು. ಇವರು ಮಾತ್ರ ಇನ್ನೂ ಒಳಗಿದ್ದಾರೆ. ನೀವು ಸವೆಸ್ತಾ ಇದ್ದೀರಿ, ಅವರು ಕಟ್ತಾ ಇದ್ದಾರೆ, ನೋಡಿ" ಎಂದರು. ನೋಡಿದೆ. ಕಚ್ಚಿನ ಕೆಳಗೆ ಬೆಳ್ಳಗೆ ಒಂದು ತೇಪೆ. ಊರಿನ ಬಟ್ಟೆಗೆಲ್ಲ ತೇಪೆ ಹಾಕಿದವನಿಗೆ ಯಾರೋ ಹೇಳದೆ ಕೇಳದೆ ತೇಪೆ ಹಾಕಿದ್ದರು. ನಾಲಗೆಯಿಂದ ಆ ಕಚ್ಚನ್ನು ಮೆಲ್ಲಗೆ ಸವರಿಕೊಂಡೆ.

"ನಾನೂ ಅದನ್ನೇ ಮಾಡ್ಕೊಂಡು ಬಂದಿರೋದು. ನಂದು ಯಾರೂ ಎಕ್ಸ್‌ರೇ ತೆಗೀಲಿಲ್ಲ" ಎಂದಳು ಹೆಂಡತಿ.

ಕೀಳಿಸುವ ಮಾತು ಅಲ್ಲಿಗೆ ನಿಂತಿತು. ಕಚ್ಚು ತುಂಬಿಸಿಕೊಂಡು ಬಂದೆ. ಆದ್ದರಿಂದ ಪ್ರಾರ್ಥನೆಯೇನೆಂದರೆ, ಇನ್ನು ಮುಂದೆ ಜುಮ್ಮೆನ್ನಿಸುವ ಮೂರು ದಿನ ಮೊದಲು ಲಿಖಿತ ನೋಟಿಸು ಕೊಡತಕ್ಕದ್ದು, ಮತ್ತು ತಮ್ಮಲ್ಲಿ ಅನುಭವಸ್ಥರೊಬ್ಬರನ್ನು ಕೂಡಲೇ ನನ್ನ ಮೊಣಕಾಲಿಗೆ ವರ್ಗ ಮಾಡತಕ್ಕದ್ದು.

ತಮ್ಮ ಗೋಡೆ ಸವೆಸಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ದರ್ಜಿ

ವಿ.ಸೂ.: ಈ ಪತ್ರದ ಪ್ರತಿಯನ್ನು ಪಕ್ಕದ ಹಲ್ಲಿನಲ್ಲಿರುವ ತಮ್ಮ ಬಂಧುಗಳಿಗೂ ಕಳಿಸಿದ್ದೇನೆ. ನಿನ್ನೆಯಿಂದ ದಾರ ಕಡಿಯುವ ಕೆಲಸ ಅವರ ಪಾಲಿಗೆ ಬಂದಿದೆ.