ನಮ್ಮನೆಯವಳ ಮಂಡಿ ಮತ್ತು ನಾಲ್ಕು ಇಂಗ್ಲಿಷ್ ಪದ

ಇಂಗ್ಲಿಷಿನಲ್ಲಿ ‘ರಿ’ ಎಂದು ಶುರುವಾಗುವ ಪದಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ನನ್ನಂಥ ಹಳ್ಳಿ ಸ್ಕೂಲಿನವನು ಒಬ್ಬನನ್ನು ಕರೆದರೆ ಇನ್ನೊಬ್ಬ ಓಗೊಡುತ್ತಾನೆ. ಹೋದ ವರ್ಷ ನಮ್ಮನೆಯವಳು ಹಿತ್ತಲಲ್ಲಿ ಜಾರಿ ಮಂಡಿಯೊಳಗಿನ ನರ ಹರಿದುಕೊಂಡ ಮೇಲಂತೂ ಅವೆಲ್ಲ ಸಾಲಾಗಿ ನಮ್ಮ ಮನೆಗೇ ಬಂದವು.

ಅವಳಿಗೆ ನೋವಿಗಿಂತ ದೊಡ್ಡ ಚಿಂತೆಯೊಂದಿತ್ತು. ದೇವರ ಮುಂದೆ ಇನ್ನು ನೆಲದ ಮೇಲೆ ಕೂರಲು ಆಗುತ್ತದೋ ಇಲ್ಲವೋ ಎಂದು. ಕುರ್ಚಿಯಲ್ಲಿ ಕೂತರೆ ಮಾದಪ್ಪನ ಪಟಕ್ಕಿಂತ ತಾನೇ ಎತ್ತರವಾಗುತ್ತೇನೆ ಎಂಬುದು ಅವಳ ಸಂಕಟ.

ರೀಕನ್‌ಸ್ಟ್ರಕ್ಷನ್

ಚಾಮರಾಜನಗರದ ಡಾಕ್ಟರು ಸ್ಕ್ಯಾನ್ ನೋಡಿ, ರೀಕನ್‌ಸ್ಟ್ರಕ್ಷನ್ ಮಾಡಬೇಕು ಎಂದರು. ಆ ಪದವನ್ನು ನಾನು ಅದುವರೆಗೆ ಓದಿದ್ದು ಒಂದೇ ಕಡೆ, ನಮ್ಮೂರ ಹಳ್ಳದ ಸೇತುವೆ ಪಕ್ಕದ ಬೋರ್ಡಿನಲ್ಲಿ. ಆ ಬೋರ್ಡು ನೆಟ್ಟಾಗ ಹುಟ್ಟಿದ ಕರು ಈಗ ಹಾಲು ಕೊಡುತ್ತಿದೆ. ಎಷ್ಟು ವರ್ಷ ಹಿಡಿಯುತ್ತದೆ ಎಂದು ಅಳುಕುತ್ತಲೇ ಕೇಳಿದೆ. ಒಂದೂವರೆ ಗಂಟೆ ಸಾಕು ಎಂದರು.

“ಟೆಂಡರ್ ಕರೆಯೋದೂ ಸೇರಿಸಿಯಾ ಸಾರ್?” ಎಂದೆ.

ರಿಕವರಿ

ಆಪರೇಷನ್ ಮುಗಿಯಿತು. ನರ್ಸಮ್ಮ ಹೊರಗೆ ಬಂದು, ಪೇಷಂಟು ರಿಕವರಿಯಲ್ಲಿದ್ದಾರೆ, ಇಲ್ಲೊಂದು ಸೈನ್ ಹಾಕಿ ಎಂದರು. ಪಕ್ಕದಲ್ಲಿ ನನ್ನ ಬಾಮೈದ ನಿಂತಿದ್ದ. ಅವನ ಬೈಕು ಒಮ್ಮೆ ಕಳವಾಗಿ, ಆಮೇಲೆ ಪೊಲೀಸರು ರಿಕವರಿ ಮಾಡಿಕೊಟ್ಟಿದ್ದರು. ಪೆನ್ನು ಹಿಡಿದ ನನ್ನ ಕೈಯನ್ನು ಅವನು ತಡೆದ.

“ಬಾವ, ಎಲ್ಲಾ ಪಾರ್ಟೂ ಸರ್ಯಾಗವ್ಯಾ ನೋಡ್ಕಂಡು ಸೈನ್ ಹಾಕು. ನನ್ ಬೈಕಲ್ಲಿ ಎರಡೂ ಕನ್ನಡಿ ಇರ್ನಿಲ್ಲ.”

ರಿಹ್ಯಾಬಿಲಿಟೇಶನ್

ಮನೆಗೆ ಕಳಿಸುವಾಗ ಚೀಟಿಯಲ್ಲಿ ಮೂರು ತಿಂಗಳು ರಿಹ್ಯಾಬಿಲಿಟೇಶನ್ ಎಂದು ಬರೆದರು. ವಾರಕ್ಕೆರಡು ಸಲ ಗುಂಡ್ಲುಪೇಟೆಗೆ ಹೋಗಿ ಮಂಡಿ ಮಡಚುವ ವ್ಯಾಯಾಮ ಮಾಡುವುದು, ಅಷ್ಟೇ. ಆದರೆ ನಮ್ಮೂರಿರುವುದು ಹಂಗಳದಾಚೆ, ಕಾಡಿನಂಚಿನಲ್ಲಿ. ಇಲ್ಲಿ ಆ ಪದಕ್ಕೆ ಒಂದೇ ಅರ್ಥ. ಕಾಡೊಳಗಿನವರನ್ನು ಎಬ್ಬಿಸಿ ಬೇರೆ ಕಡೆ ಜಾಗ ಕೊಡುವುದು. ಎದುರುಮನೆಯ ಅಜ್ಜಿ ಸುದ್ದಿ ಕೇಳಿ ಬಂದು, ಹಾಸಿಗೆ ಪಕ್ಕ ಕೂತು, ತುಂಬಾ ಹೊತ್ತು ಕಣ್ಣೊರೆಸಿಕೊಂಡರು. ಆಮೇಲೆ ಗುಟ್ಟಾಗಿ ಹೇಳಿದರು:

“ಮತ್ತೆ ಕಾಡ್ ಮಗ್ಗುಲಲ್ಲೇ ಸೈಟ್ ಕೊಟ್ರೆ ಒಪ್ಕಬ್ಯಾಡ ಕಣವ್ವ. ಈ ಕಾಲಲ್ಲಿ ಆನೆ ಬಂದ್ರೆ ಓಡಕ್ಕಾಯ್ತದಾ?”

ರಿಸ್ಟೋರೇಷನ್

ಮೂರು ತಿಂಗಳಾದರೂ ಮಂಡಿ ಅರ್ಧಕ್ಕೆ ಮಡಚಿ ನಿಲ್ಲುತ್ತಿತ್ತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. ಗಾಯ ಪೂರ್ತಿ ಮಾಗಿದೆ, ಉಳಿದಿರುವುದು ಹೆದರಿಕೆ ಮಾತ್ರ, ಇನ್ನು ಫಂಕ್ಷನ್ ರಿಸ್ಟೋರೇಷನ್ ಒಂದು ಆಗಿಬಿಡಬೇಕು ಎಂದರು.

ಮಾದಪ್ಪನ ಹೆಸರಲ್ಲಿ ನಾವು ವರ್ಷವರ್ಷವೂ ಬೀದಿಯವರಿಗೆಲ್ಲ ಊಟ ಹಾಕುತ್ತಿದ್ದೆವು. ಈ ಸಲ ಮಂಡಿಯ ದೆಸೆಯಿಂದ ಆ ಫಂಕ್ಷನ್ ನಿಲ್ಲಿಸಿದ್ದೆವು. ಅದು ಇವರಿಗೆ ಹೇಗೆ ಗೊತ್ತಾಯಿತು? ದೇವರೇ ಡಾಕ್ಟರ ಬಾಯಲ್ಲಿ ಹೇಳಿಸಿದ ಎಂದುಕೊಂಡು, ಸೋಮವಾರಕ್ಕೆ ಅರವತ್ತು ಜನಕ್ಕೆ ಹೇಳಿಬಂದೆ. ಮನೆಯವಳು ನನ್ನೊಡನೆ ಮಾತು ಬಿಟ್ಟಳು.

ಸೋಮವಾರ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಕಪಕ್ಕದ ಹೆಂಗಸರು ನೆಲದ ಮೇಲೆ ಕೂತು ಮುದ್ದೆ ಕಟ್ಟತೊಡಗಿದರು. ಒಂದು ನಿಂಬೆಹಣ್ಣಿನಷ್ಟು, ಒಂದು ತೆಂಗಿನಕಾಯಿಯಷ್ಟು. ಇವಳು ಹತ್ತು ನಿಮಿಷ ತಡೆದಳು. ಆಮೇಲೆ, “ಸರೀರಮ್ಮಿ ಅತ್ಲಾಗೆ, ದೇವರ ಊಟಕ್ಕೆ ಇಂಥ ಮುದ್ದೆ ಕಟ್ತಾರಾ?” ಎಂದು ಊರುಗೋಲು ಬಿಸಾಕಿ, ಕುರ್ಚಿಯಿಂದಿಳಿದು, ಚಕ್ಕಂಬಕ್ಕಲ ಹಾಕಿ ಕೂತುಬಿಟ್ಟಳು. ಅರವತ್ತು ಮುದ್ದೆ ಮುಗಿದ ಮೇಲೇ ಅವಳಿಗೆ ತನ್ನ ಮಂಡಿ ಕಂಡದ್ದು. ಕೈಯನ್ನೂ ತೊಳೆಯದೆ ಹೋಗಿ ಮಾದಪ್ಪನ ಪಟದ ಮುಂದೆ ನೆಲದ ಮೇಲೆ ಕೂತು ಅತ್ತಳು.

ಮುಂದಿನ ವಾರ ಡಾಕ್ಟರು ಮಂಡಿಯನ್ನು ಮಡಚಿ, ಬಿಡಿಸಿ ನೋಡಿ, ಖುಷಿಯಾಗಿ, “ಫಂಕ್ಷನ್ ತುಂಬಾ ಚೆನ್ನಾಗಿದೆಯಮ್ಮ” ಎಂದರು.

ನಮ್ಮನೆಯವಳು ನಾಚಿಕೊಂಡು ಹೇಳಿದಳು: “ಸಾರಿಗೆ ಉಪ್ಪು ಒಂಚೂರು ಕಮ್ಮಿಯಾಗಿತ್ತು ಸಾರ್.”