ತಮ್ಮ ಮಲಯಾಳವನ್ನು ಕೆಡಿಸಿದ ನನ್ನ ಕನ್ನಡ

ಮಾನ್ಯ ಅಭ್ಯರ್ಥಿಗಳಾದ ಸುಗುಣನ್ ಅವರ ದಿವ್ಯ ಸನ್ನಿಧಿಗೆ ಗಡಿನಾಡಿನ ಮುಳ್ಳೇರಿಯದ ವಸುಮತಿ ಟೀಚರ್ ಮಾಡುವ ಅನಂತ ನಮಸ್ಕಾರಗಳು. ಪ್ರಚಾರದ ಈ ಬಿಸಿಲಿನಲ್ಲಿಯೂ ತಮ್ಮ ಗಂಟಲು ಕ್ಷೇಮವಾಗಿದೆಯೆಂದು ನಂಬಿದ್ದೇನೆ.

ಕಳೆದ ಚುನಾವಣೆಯಲ್ಲಿ ತಾವು ನಮ್ಮ ಪೇಟೆಯಲ್ಲಿ ಮಲಯಾಳದಲ್ಲಿ ಭಾಷಣ ಮಾಡಿದಾಗ, ಇಲ್ಲಿಯ ವಾಡಿಕೆಯಂತೆ ಪಕ್ಕದ ಮೈಕಿನಲ್ಲಿ ನಿಂತು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಂದವಳು ನಾನು. ‘ಹೆಂಗಸರಿಗೆ ಸಂಜೆ ಬಸ್ಸು ಯಾಕೆ, ಕತ್ತಲಾಗುವ ಮೊದಲೇ ಮನೆ ಸೇರಿದರಾಯಿತು’ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಆ ಬಸ್ಸನ್ನು ಕೇಳಿ ಕೇಳಿ ಸಾಕಾದ ಗೇರುಬೀಜ ಕಾರ್ಖಾನೆಯ ಹೆಂಗಸರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ತಮ್ಮ ಮರ್ಯಾದೆ ಉಳಿಯಲೆಂದು ನಾನು, ‘ಹೆಂಗಸರು ಕತ್ತಲಾಗುವ ಮೊದಲೇ ಮನೆ ಸೇರಬೇಕು, ಅದಕ್ಕೆ ಸಂಜೆ ಬಸ್ಸು ಬೇಕೇ ಬೇಕು’ ಎಂದೆ. ಭಾರೀ ಚಪ್ಪಾಳೆ ಬಿತ್ತು. ಕನ್ನಡ ತಿಳಿಯದ ತಾವು ಹಿಗ್ಗಿ, ಕೈಮುಗಿದು, ಅದೇ ಮಾತನ್ನು ಇನ್ನೊಮ್ಮೆ ಹೇಳಿದಿರಿ. ನಾನೂ ಇನ್ನೊಮ್ಮೆ ತಿದ್ದಿದೆ. ತಾವು ಗೆದ್ದಿರಿ, ಬಸ್ಸು ಮಾತ್ರ ಬರಲಿಲ್ಲ.

ಈಗ ಆ ಭಾಷಣದ ವೀಡಿಯೋ ತಮ್ಮದೇ ಮಲಯಾಳದಲ್ಲಿ, ತಮ್ಮದೇ ಸ್ವರದಲ್ಲಿ ಎಲ್ಲರ ಮೊಬೈಲಿಗೂ ಬಂದಿದೆ. ನಾಯ್ಮಾರ್ಮೂಲೆಯಲ್ಲಿ ಪತ್ರಕರ್ತರು ವಿಚಾರಿಸಿದರೆ ತಾವು ‘ಅದು ಅನುವಾದಕಿಯ ತಪ್ಪು’ ಎಂದಿರಂತೆ. ನಾನು ಆಮೇಲೆ ಆಡಿದ ಕನ್ನಡವು ಹಿಂದಕ್ಕೆ ಹೋಗಿ, ತಾವು ಮೊದಲೇ ಆಡಿ ಮುಗಿಸಿದ್ದ ಮಲಯಾಳವನ್ನು ಕೆಡಿಸಿತಲ್ಲ, ಇಂಥ ಶಕ್ತಿ ನನಗುಂಟೆಂದು ಇಷ್ಟು ವರ್ಷ ಪಾಠ ಮಾಡಿಯೂ ತಿಳಿದಿರಲಿಲ್ಲ. ಆದರೆ ನಿನ್ನೆ ಕಾರ್ಖಾನೆಯ ಅಮ್ಮಣಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ‘ಎಂತ ಟೀಚರೇ, ನಮ್ಮ ಬಸ್ಸು ತಪ್ಪಿಸಿದ್ದು ನೀವಾ?’ ಎಂದು ಕೇಳಿದಳು. ಆಗ ಮಾತ್ರ ನನಗೆ ನಿಜವಾಗಿ ನೋವಾಯಿತು, ಸಿಟ್ಟೂ ಬಂತು.

ಕುಣಿಯಲಾರದವರು ನೆಲ ಡೊಂಕೆನ್ನುತ್ತಾರೆಂಬ ಗಾದೆಯನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ತಮಗೆ ಅನುವಾದಿಸುವ ಧೈರ್ಯ ತಮ್ಮ ಕಚೇರಿಯಲ್ಲಿ ಯಾರಿಗೂ ಇರಲಾರದು. ನನ್ನದೊಂದೇ ಬಿನ್ನಹ. ತಪ್ಪು ನನ್ನದೇ ಇರಲಿ. ತಾವು ಆ ತಪ್ಪನ್ನೇ ಜಾರಿಗೆ ತಂದು ಸಂಜೆ ಬಸ್ಸು ಓಡಿಸಬೇಕು. ಬಂದ್ಯೋಡಿನಲ್ಲಿ ತಾವಿಟ್ಟ ಶಿಲಾನ್ಯಾಸದ ಕಲ್ಲಿನ ಮೇಲೆ ಇನ್ನೂ ಗೋಡೆ ಏಳದಿರುವುದಕ್ಕೂ ನನ್ನ ಅನುವಾದವೇ ಕಾರಣವೆಂದು ಸಾರಿದರೆ ಅದನ್ನೂ ಶಿರಸಾವಹಿಸಿ ಒಪ್ಪುತ್ತೇನೆ.

ಇಂತು, ತಮ್ಮ ತಪ್ಪುಗಳನ್ನು ಹೊತ್ತುಕೊಂಡಿರುವ
ತಮ್ಮ ವಿಶ್ವಾಸಿ,
ವಸುಮತಿ ಟೀಚರ್

ಮರೆತ ಮಾತು: ಬೇರೆ ಯಾರೂ ಸಿಗದೆ, ಭಾನುವಾರದ ತಮ್ಮ ಸ್ಪಷ್ಟೀಕರಣ ಸಭೆಗೂ ಅನುವಾದಕ್ಕೆ ತಮ್ಮ ಕಚೇರಿಯವರು ನನ್ನನ್ನೇ ಕರೆದಿದ್ದಾರೆ. ಖಂಡಿತ ಬರುತ್ತೇನೆ. ಈ ಸಲ ತಮ್ಮ ಒಂದು ಮಾತನ್ನೂ ತಿದ್ದುವುದಿಲ್ಲ. ದಯವಿಟ್ಟು ಕತ್ತಲಾಗುವ ಮೊದಲೇ ಮುಗಿಸಿ. ಅಮ್ಮಣಿಯೂ ನಾನೂ ನಡೆದೇ ಮನೆ ಸೇರಬೇಕಾಗಿದೆ.